ಕಿವಿಯ ತೂತಿಗೆ ಹಿಡಿಸೂಡಿ ಕಡ್ಡಿ

ಅಂಟುವಾಳದ ವಾಸನೆ ಬಂದರೆ ಈಗಲೂ ನಾನು ಅಲ್ಲಿಂದ ಎದ್ದುಹೋಗುತ್ತೇನೆ. ಬೇರೆಯವರಿಗೆ ಅದು ತಲೆಸ್ನಾನದ ವಾಸನೆ, ರೇಷ್ಮೆ ಸೀರೆ ಒಗೆಯುವ ವಾಸನೆ. ನನಗೆ ಮಾತ್ರ ಅದು ಚಿನ್ನ ಮನೆ ಬಿಟ್ಟು ಹೊರಡುವ ವಾಸನೆ. ಮೊನ್ನೆ ಮೂಡಬಿದಿರೆಯಲ್ಲಿ ಹಳೆ ಚಿನ್ನ ಕೊಳ್ಳುವ ಅಂಗಡಿಯೊಂದಕ್ಕೆ ತುಂಡಾದ ನನ್ನ ಬಳೆ ಹಿಡಿದುಕೊಂಡು ಹೋಗಿದ್ದೆ. ಬಾಗಿಲು ತೆಗೆದರೆ ಮುಖಕ್ಕೆ ಹೊಡೆಯುವ ಏಸಿ ಗಾಳಿ, ಗೋಡೆಯ ಮೇಲೆ ಕೆಂಪು ಅಕ್ಷರಗಳಲ್ಲಿ ಓಡುವ ಇವತ್ತಿನ ರೇಟು, ಮೇಜಿನ ಮೇಲೆ ಚಿನ್ನದ ಶುದ್ಧತೆ ನೋಡುವ, ಅಕ್ಕಿ ಡಬ್ಬಿಯಷ್ಟು ದೊಡ್ಡ ಮೆಷಿನು. ನನ್ನ ಮುಂದೆ ನಿಂತಿದ್ದ ಮುದುಕಿ ಸೊಂಟದಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿದಳು. ಒಂದು ಜೊತೆ ಬೆಂಡೋಲೆ. ಬಿಚ್ಚಿದ ಕೂಡಲೇ ಆ ವಾಸನೆ ಬಂತು. ಪಾಪ, ತೊಳೆದು ತಂದಿದ್ದಳು! ಕೌಂಟರಿನಲ್ಲಿದ್ದವನು ಓಲೆಗಳನ್ನು ಕಾಗದದಿಂದ ಒರೆಸಿ ಮೆಷಿನಿನೊಳಗಿಟ್ಟು, ಪರದೆ ನೋಡಿ, ಅವಳ ಮುಖ ನೋಡದೆಯೇ, "ಕರಗಿಸ್ಲಿಕ್ಕೆ ಕೊಡುವ ಅಲ್ವಾ?" ಎಂದು ಕೇಳಿದ. ಅವಳು ಹೂಂ ಅಂದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಬಳೆಯನ್ನು ಚೀಲಕ್ಕೆ ಹಾಕಿಕೊಂಡು ಹೊರಗೆ ಬಂದೆ.

ನಮ್ಮ ಮನೆ ಇದ್ದದ್ದು ಬಂಟ್ವಾಳ ಪೇಟೆಯಲ್ಲಿ, ನೇತ್ರಾವತಿಯ ಕಡೆಗೆ ಇಳಿಯುವ ಒಂದು ಓಣಿಯಲ್ಲಿ. ಈಗ ಅಲ್ಲಿ ಯಾರದೋ ಗೋಡೌನು ಉಂಟು, ಶಟರಿಗೆ ನೀಲಿ ಬಣ್ಣ ಬಳಿದಿದ್ದಾರೆ. ಆ ಶಟರಿನ ಹಿಂದೆ ನಮ್ಮ ಅಡುಗೆಮನೆ ಇತ್ತು ಎಂದು ಹೇಳಿದರೆ ನನ್ನ ಮಕ್ಕಳೇ ನಂಬುವುದಿಲ್ಲ. ಮನೆಯಲ್ಲಿ ನನ್ನ ತಂದೆ ಬಾಪ, ತಾಯಿ ಉಮ್ಮ, ನಾನು, ಬಾಪನ ತಾಯಿಯಾದ ಅಜ್ಜಿ ಬೀಪಾತುಮ್ಮ, ಮತ್ತೆ ಅಜ್ಜಿಯ ಕಿರಿಮಗ ಹಮೀದಾಕ. ಬಾಪ ಕೆಂಪುಕಲ್ಲು ಕಡಿಯುವ ಕೋರೆಯಲ್ಲಿ ಲೆಕ್ಕ ಬರೆಯುವ ರೈಟರು. ಮಳೆ ಹಿಡಿದು ಕೋರೆಯಲ್ಲಿ ನೀರು ನಿಂತರೆ ಬಾಪನ ಸಂಬಳವೂ ನಿಂತ ಹಾಗೆ. ಅಜ್ಜಿ ಮತ್ತು ಉಮ್ಮ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದರು, ಆದರೆ ಬೀಡಿಯಿಂದ ಐದು ಹೊಟ್ಟೆ ತುಂಬುವುದುಂಟೇ? ಹಾಗಾಗಿ ಜಡಿಮಳೆಯ, ದುಡಿಮೆಯಿಲ್ಲದ ಆಟಿ ತಿಂಗಳು ಬಂತೆಂದರೆ ನಮ್ಮ ಮನೆಯ ಎಲ್ಲರ ಕಣ್ಣೂ ಯಾರೂ ಹೇಳದೆಯೇ ಅಜ್ಜಿಯ ಕಿವಿಯ ಕಡೆಗೆ ತಿರುಗುತ್ತಿತ್ತು. ಬಾಪ ಮಾತ್ರ ನೆಲ ನೋಡುತ್ತಿದ್ದ.

ಆ ಕಿವಿಗಳನ್ನು ನೀವು ನೋಡಬೇಕಿತ್ತು. ಹಾಲೆಯಿಂದ ಮೇಲಿನ ಮಡಿಕೆಯವರೆಗೆ ಅಂಚಿನುದ್ದಕ್ಕೂ ಸಾಲಾಗಿ ತೂತುಗಳು. ಒಂದೊಂದು ತೂತಿಗೂ ಒಂದೊಂದು ಚಿನ್ನದ ರಿಂಗು, ರಿಂಗಿನ ತುದಿಯಲ್ಲಿ ಎಳ್ಳಿನಷ್ಟು ಚಿಕ್ಕ ತೂಗುಮಣಿ. ಅಲಿಕತ್ತು ಎನ್ನುತ್ತೇವೆ ನಾವು ಅದಕ್ಕೆ. ನಮ್ಮ ಹಳೆಗಾಲದ ಹೆಂಗಸರಿಗೆ ಅದೇ ತಾಳಿ, ಅದೇ ಬಳೆ, ಅದೇ ಬ್ಯಾಂಕು. ಅಜ್ಜಿ ಕನ್ಯಾನ ಊರಿನ ಹುಡುಗಿ. ಮದುವೆಯ ದಿನ ಅವಳ ತಂದೆ ತನ್ನ ಕೈಯಾರೆ ಒಂದೊಂದೇ ರಿಂಗು ತೊಡಿಸಿ ಕಳಿಸಿದ್ದನಂತೆ. ಅವಳು ನಮಾಜಿಗೆ ಬಾಗಿದಾಗ, ಬೀಡಿಯ ಮೊರ ಕೊಡವಿದಾಗ, ನಗುವಾಗ ಎಲ್ಲ ಆ ಮಣಿಗಳು ಸಣ್ಣಗೆ ಕಿಣಿ ಕಿಣಿ ಅನ್ನುತ್ತಿದ್ದವು. ಅವಳು ಮನೆಯಲ್ಲಿದ್ದಾಳೋ ಇಲ್ಲವೋ ಎಂದು ನಾವು ಕೂಗಿ ಕೇಳಬೇಕಾಗಿರಲಿಲ್ಲ. ಕಿವಿ ಒತ್ತುತ್ತದೆಂದು ಆಕೆ ಜೀವಮಾನವಿಡೀ ಮಗ್ಗುಲಾಗಿ ಮಲಗಿದವಳಲ್ಲ. ಮುಖ ಮೇಲೆ ಮಾಡಿಯೇ ಮಲಗುತ್ತಿದ್ದಳು, ನಾನು ಪಕ್ಕದಲ್ಲಿ ಮಲಗಿ ಒಂದೊಂದೇ ಮಣಿಯನ್ನು ಬೆರಳ ತುದಿಯಿಂದ ತಟ್ಟುತ್ತಿದ್ದೆ.

ಪೇಟೆಯ ತಿರುವಿನಲ್ಲಿ ವಾಮನ ಶೇಟ್ರ ಅಂಗಡಿ. ಅಂಗಡಿ ಎಂದರೆ ಒಂದು ಮರದ ಹಲಗೆಯ ಬಾಗಿಲು, ಒಂದು ಗಾಜಿನ ಪೆಟ್ಟಿಗೆಯೊಳಗೆ ತೂಗುತ್ತಿದ್ದ ತಕ್ಕಡಿ, ಹಾಸಿದ ಬಿಳಿ ಗಾದಿ, ಅದರ ಮೇಲೆ ಶೇಟ್ರು. ಚಿನ್ನ, ಬೆಳ್ಳಿ, ಹಳೆಯ ಪವನು, ರಾಣಿಮುಖದ ಬೆಳ್ಳಿ ರೂಪಾಯಿ, ಎಲ್ಲವನ್ನೂ ಕೊಳ್ಳುತ್ತಿದ್ದರು, ಮಾರುತ್ತಿದ್ದರು. 'ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ' ಎಂದು ಗಾದೆ ಮಾಡಿದವರು ಯಾರೋ, ಅವರು ಬಂಟ್ವಾಳಕ್ಕೆ ಬಂದವರಲ್ಲ. ನಮ್ಮಲ್ಲಿ ಬಡ್ಡಿ ಹರಾಮು, ಅಡವಿಟ್ಟರೆ ಬಡ್ಡಿ ಕೊಡಬೇಕು. ಅದಕ್ಕೆ ಅಜ್ಜಿಯ ಹಾಗಿನ ಹೆಂಗಸರಿಗೂ ಶೇಟ್ರಿಗೂ ಒಂದು ಒಪ್ಪಂದ ಇತ್ತು, ಅದು ಎಷ್ಟು ಹಳೆಯದೋ ನನಗೆ ಗೊತ್ತಿಲ್ಲ. ಆಟಿಯಲ್ಲಿ ಚಿನ್ನವನ್ನು ಆ ದಿನದ ರೇಟಿಗೆ ಮಾರಿಬಿಡುವುದು. ಶೇಟ್ರು ಅದನ್ನು ಕರಗಿಸದೆ, ಬೇರೆಯವರಿಗೆ ಕೊಡದೆ, ಒಂದು ತಗಡಿನ ಡಬ್ಬಿಯಲ್ಲಿ ಇಟ್ಟುಕೊಳ್ಳುವುದು. ಮಳೆ ಹೋಗಿ ಕೈಗೆ ನಾಲ್ಕು ಕಾಸು ಬಂದಾಗ ಆವತ್ತಿನ ರೇಟು ಕೊಟ್ಟು ಅದೇ ಚಿನ್ನವನ್ನು ವಾಪಸು ಕೊಳ್ಳುವುದು. ಬರೆದಿಡುವ ಪದ್ಧತಿ ಇಲ್ಲ. ಚೀಟಿ ಕೇಳಿದರೆ ಅವಮಾನ, ಕೊಟ್ಟರೂ ಅವಮಾನ. "ಕರಗಿಸಬೇಡಿ ಶೇಟ್ರೇ" ಎಂದು ಇವಳು ಹೇಳಿ, "ಇಲ್ಲಮ್ಮ" ಎಂದು ಅವರು ಹೇಳಿದರೆ ಮುಗಿಯಿತು.

ಮಾರುವ ಮುಂಚಿನ ದಿನ ಅಜ್ಜಿ ಅಂಟುವಾಳದ ಕಾಯಿ ಜಜ್ಜಿ ಬಿಸಿನೀರಿನಲ್ಲಿ ಹಾಕಿ ನೊರೆ ಬರಿಸುತ್ತಿದ್ದಳು. ಕಿವಿಯಿಂದ ಎರಡೋ ಮೂರೋ ರಿಂಗು ಬಿಚ್ಚಿ ಅದರಲ್ಲಿ ಹಾಕಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕುವಳು. ಮಾರುವ ಚಿನ್ನಕ್ಕೆ ಇಷ್ಟು ಉಪಚಾರ ಯಾಕೆಂದು ಉಮ್ಮ ಗೊಣಗಿದರೆ, "ನನ್ನ ಕಿವಿಯ ಕೊಳೆಗೆ ಅವರು ದುಡ್ಡು ಕೊಡುವುದು ಬೇಡ" ಎಂದುಬಿಡುತ್ತಿದ್ದಳು. ಅಂಗಡಿಯಲ್ಲೂ ಹಾಗೆಯೇ. ಶೇಟ್ರು ಒರೆಗಲ್ಲು ಮುಟ್ಟದೆ ತಕ್ಕಡಿಗೆ ಹಾಕಲು ಹೋದರೆ ಇವಳು ಬಿಡಬೇಕಲ್ಲ. ಒರೆಗೆ ಹಚ್ಚಿ ನೋಡಿಯೇ ತಕ್ಕೊಳ್ಳಿ, ನಾಳೆ ಮಾತು ಬರಬಾರದು ಎಂದು ಹಠ. "ನಿಮ್ಮ ಅಲಿಕತ್ತು ಒರೆಗೆ ಹಚ್ಚಿ ಹಚ್ಚಿಯೇ ಸವೆದುಹೋಗ್ತದೆ ಬೀಪಾತುಮ್ಮ, ಅದಕ್ಕೆ ಈಗ ನನ್ನ ಅಂಗಡಿಯ ದಾರಿ ಬಾಯಿಪಾಠ ಉಂಟು, ನೀವು ಬಾರದಿದ್ದರೂ ಅದೇ ಬರ್ತದೆ ಮಾರಾಯ್ರೆ" ಎಂದು ಶೇಟ್ರು ನಗುತ್ತ ಕಲ್ಲಿಗೆ ಉಜ್ಜುತ್ತಿದ್ದರು. ಕಪ್ಪು ಕಲ್ಲಿನ ಮೇಲೆ ಕೂದಲೆಳೆಯಷ್ಟು ಹಳದಿ ಗೆರೆ ಬೀಳುತ್ತಿತ್ತು. ಅದನ್ನು ನೋಡಿ ಅಜ್ಜಿಗೆ ಸಮಾಧಾನವಾಗುತ್ತಿತ್ತು.

ಮನೆಗೆ ಬಂದವಳೇ ಗುಡಿಸುವ ಹಿಡಿಸೂಡಿಯಿಂದ ಒಂದು ತೆಂಗಿನ ಕಡ್ಡಿ ಎಳೆದು, ಬೆರಳ ಗೆಣ್ಣಿಗಿಂತ ಚಿಕ್ಕದಾಗಿ ಮುರಿದು, ಎಣ್ಣೆ ಮುಟ್ಟಿಸಿ ಖಾಲಿಯಾದ ತೂತುಗಳಿಗೆ ಸಿಕ್ಕಿಸಿಕೊಳ್ಳುವಳು. ಕಿವಿಯ ತೂತು ಖಾಲಿ ಬಿಟ್ಟರೆ ಮುಚ್ಚಿಹೋಗುತ್ತದೆ, ಚಿನ್ನ ವಾಪಸು ಬಂದಾಗ ಅದಕ್ಕೆ ಜಾಗ ಬೇಡವೇ? ನನಗೆ ಆ ಕಡ್ಡಿಗಳನ್ನು ಕಂಡರೆ ನಗು. 'ಅಜ್ಜಿಯ ಕಿವಿಯಲ್ಲಿ ಗುಡಿಸಬಹುದು' ಎಂದು ಕುಣಿಯುತ್ತಿದ್ದೆ. ಅವಳೂ ನಗುತ್ತಿದ್ದಳು, ಯಾಕೆಂದರೆ ಆಗ ಅದು ಎರಡು ಮೂರು ತಿಂಗಳ ಮಾತು. ಕೋರೆಯ ನೀರು ಬತ್ತಿ ಬಾಪ ಮತ್ತೆ ಲೆಕ್ಕ ಬರೆಯಲು ಹೋದ ಮೇಲೆ, ಒಂದು ಸಂಜೆ ಕಡ್ಡಿಗಳು ಒಲೆಗೆ ಬೀಳುತ್ತಿದ್ದವು, ಮಣಿಗಳು ಮತ್ತೆ ಕಿಣಿಗುಟ್ಟುತ್ತಿದ್ದವು. ಪ್ರತಿ ವರ್ಷ ಹೀಗೇ ನಡೆಯುತ್ತದೆ ಎಂದು ನಾನು ತಿಳಿದಿದ್ದೆ. ಮಕ್ಕಳಿಗೆ ಏನು ಗೊತ್ತು!

ಹಮೀದಾಕನಿಗೆ ಗಲ್ಫಿನ ವೀಸಾ ಬಂದ ವರ್ಷ ಅಜ್ಜಿ ಎರಡು ಮೂರಲ್ಲ, ಎರಡೂ ಕಿವಿಯ ಪೂರಾ ಅಲಿಕತ್ತು ಬಿಚ್ಚಿದಳು. ಅಂಟುವಾಳದ ನೊರೆಯಲ್ಲಿ ಅಷ್ಟೂ ರಿಂಗುಗಳು ಒಟ್ಟಿಗೆ ಮುಳುಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಹಮೀದಾಕ ಬಾಗಿಲಿಗೆ ಒರಗಿ ನಿಂತು ಮಗುವಿನ ಹಾಗೆ ಅತ್ತ. "ಎಂತಕ್ಕೆ ಅಳುವುದು? ವರ್ಷದೊಳಗೆ ಬಿಡಿಸಿ ಕೊಡು, ಅದನ್ನು ಹಾಕಿಕೊಂಡೇ ಕನ್ಯಾನಕ್ಕೆ ಹೋಗ್ತೇನೆ" ಎಂದಳು ಅಜ್ಜಿ. ಬರಿ ಕಿವಿಯಲ್ಲಿ ತವರಿಗೆ ಹೋದರೆ ಕೊಟ್ಟ ಮನೆಯ ಮಾನ ಹೋಗುತ್ತದೆ, ತಂದೆ ತೊಡಿಸಿದ್ದನ್ನು ಮಾರಿ ತಿಂದಳು ಎನ್ನುತ್ತಾರೆ ಎಂಬುದು ಅವಳ ಲೆಕ್ಕ. ಆ ರಾತ್ರಿ ಅವಳು ಮಗ್ಗುಲಾಗಿ ಮಲಗಿದಳು. "ನೋಡು, ಈಗ ಹೀಗೂ ಮಲಗಬಹುದು" ಎಂದು ನನ್ನ ಕಡೆ ತಿರುಗಿದಳು. ಕೆನ್ನೆಗೆ ತಾಗಿದ ಆ ಕಡ್ಡಿಗಳ ಚೂಪು ನನಗೆ ಇಂದಿಗೂ ತಾಗುತ್ತದೆ.

ವರ್ಷದೊಳಗೆ ಬಿಡಿಸಲು ಆಗಲಿಲ್ಲ. ಹಮೀದಾಕ ಯಾವುದೋ ಊರಿನ ಕಿರಾಣಿ ಅಂಗಡಿಯಲ್ಲಿ ಹಗಲು ರಾತ್ರಿ ದುಡಿದು ಕಳಿಸಿದ್ದು ಒಮ್ಮೆ ಮಾಡಿನ ಹೆಂಚಿಗೆ ಹೋಯಿತು, ಒಮ್ಮೆ ಬಾಪನ ಸೊಂಟದ ಆಪರೇಶನ್ನಿಗೆ ಹೋಯಿತು. ಅಷ್ಟರಲ್ಲಿ ಚಿನ್ನದ ರೇಟು ಹುಚ್ಚು ಹಿಡಿದ ಹಾಗೆ ಏರತೊಡಗಿತು. ಮಾರಿದ ಬೆಲೆಗೆ ಈಗ ಅರ್ಧವೂ ಬರುವುದಿಲ್ಲ ಎಂದು ತಿಳಿದಾಗ ಉಮ್ಮ ತಲೆಗೆ ಕೈ ಹಚ್ಚಿ ಕುಳಿತಳು. ಅಜ್ಜಿ ಮಾತ್ರ ಬೀಡಿಯ ಕಟ್ಟು ಕೊಟ್ಟು ಬರುವಾಗಲೆಲ್ಲ ಶೇಟ್ರ ಅಂಗಡಿಯ ಮೆಟ್ಟಿಲಲ್ಲಿ ನಿಂತು, ಕೊಳ್ಳುವವಳ ಹಾಗೆ ಗಂಭೀರವಾಗಿ ಇವತ್ತಿನ ರೇಟು ಕೇಳುತ್ತಿದ್ದಳು. ಶೇಟ್ರು ರೇಟು ಹೇಳಲು ಹಿಂಜರಿಯುತ್ತಿದ್ದರು, ತಾವೇ ಏರಿಸಿದ ಹಾಗೆ. ಒಮ್ಮೆ ನಾನು ಜೊತೆಗಿದ್ದೆ. ಶೇಟ್ರು ಡಬ್ಬಿ ತೆಗೆದು, ಕೆಂಪು ಬಟ್ಟೆಯ ಗಂಟು ಬಿಚ್ಚಿ ತೋರಿಸಿ, "ನಾನು ಇರುವವರೆಗೆ ಇದಕ್ಕೆ ಬೆಂಕಿ ತಾಗುವುದಿಲ್ಲ ಬೀಪಾತುಮ್ಮ" ಎಂದರು. ಅಜ್ಜಿ ಕೈ ಚಾಚಲಿಲ್ಲ, ಕಣ್ಣಿನಲ್ಲೇ ಮುಟ್ಟಿ ಬಂದಳು. ಕನ್ಯಾನದಿಂದ ಮದುವೆಯ ಕರೆ ಬಂದರೆ ಮೊಣಕಾಲು ನೋವು ಎಂದು ಹೇಳಿ ಕಳಿಸುತ್ತಿದ್ದಳು. ಮುರಿದ ಕಡ್ಡಿ ತೆಗೆದು ಹೊಸ ಕಡ್ಡಿ ಹಾಕಿಕೊಳ್ಳುತ್ತಿದ್ದಳು. ನಾನು ದೊಡ್ಡವಳಾದೆ, ಆ ಕಡ್ಡಿಗಳನ್ನು ನೋಡಿ ನಗುವುದನ್ನು ಬಿಟ್ಟೆ.

ನನ್ನ ಪಿಯುಸಿ ಮುಗಿದ ವರ್ಷ ಹಮೀದಾಕ ಅಂತೂ ಪೂರ್ತಿ ದುಡ್ಡು ಕಳಿಸಿದ. ಆ ಬೆಳಿಗ್ಗೆ ಅಜ್ಜಿ ಕಿವಿಗೆ ಎಣ್ಣೆ ಹಚ್ಚಿಕೊಂಡು ಕುಳಿತ ಚಂದ! ಅಂಟುವಾಳವನ್ನೂ ಜಜ್ಜಿ ಇಟ್ಟಿದ್ದಳು, ಇಷ್ಟು ವರ್ಷ ಡಬ್ಬಿಯಲ್ಲಿದ್ದ ಚಿನ್ನವನ್ನು ತೊಳೆಯದೆ ಹಾಕಿಕೊಳ್ಳುವುದು ಹೇಗೆ ಎಂದು. ಶೇಟ್ರಿಗೆ ಪಾರ್ಶ್ವವಾಯು ಬಡಿದು ಮಾತು ಹೋಗಿದೆ, ಬೆಳ್ತಂಗಡಿ ಹತ್ತಿರದ ಲಾಯಿಲದಲ್ಲಿ ಮಗಳ ಮನೆಯಲ್ಲಿದ್ದಾರೆ ಎಂಬುದು ನಮಗೆ ಗೊತ್ತಿತ್ತು. ಆದರೆ ಮಗ ಅಂಗಡಿಯಲ್ಲಿದ್ದಾನಲ್ಲ, ಅಪ್ಪನ ಮಾತು ಮಗನಿಗೆ ಇರುತ್ತದಲ್ಲ ಎಂದು ನಾವು ಮೂವರೂ, ಅಜ್ಜಿ, ಉಮ್ಮ, ನಾನು, ಹೊರಟೆವು. ಅಂಗಡಿ ಒಳಗೆ ಹೊಸದಾಗಿತ್ತು, ಗಾದಿ ಹೋಗಿ ಕುರ್ಚಿ ಬಂದಿತ್ತು. ಅಜ್ಜಿ ಕೆಂಪು ಬಟ್ಟೆಯ ಗಂಟಿನ ಗುರುತು ಹೇಳಿದಳು. ಶೇಟ್ರ ಮಗನ ಮುಖ ಇಳಿಯಿತು. "ಅಜ್ಜಿ, ಆ ಡಬ್ಬಿಯಲ್ಲಿದ್ದದ್ದೆಲ್ಲ ಹೋದ ತಿಂಗಳೇ ಕರಗಿಸಿದ್ದು. ಹಳೆ ಸ್ಟಾಕು ಅಂತ ಎಣಿಸಿದೆ. ಅಪ್ಪ ನನಗೆ ಎಂತದೂ ಹೇಳಿರಲಿಲ್ಲ." ಅವನನ್ನು ಬೈಯಲು ಬಾಯಿ ಬರುವುದಿಲ್ಲ ನನಗೆ, ಬೈಯಬೇಕೆಂದು ಇಂದಿಗೂ ಹೊಟ್ಟೆ ಉರಿಯುತ್ತದೆ. ಅವನು ಸುಳ್ಳು ಹೇಳಲಿಲ್ಲ. ಕಾಯಿದೆಯ ಪ್ರಕಾರ ಚಿನ್ನ ಅವರದ್ದೇ. ಅಷ್ಟೇ ತೂಕದ ಹೊಸ ಓಲೆ ಕೊಡುತ್ತೇನೆ, ಮಜೂರಿ ಬೇಡ ಎಂದೂ ಹೇಳಿದ. ಅಜ್ಜಿ ಒಂದೇ ಪ್ರಶ್ನೆ ಕೇಳಿದಳು. "ಈಗ ಅದು ಎಲ್ಲಿ ಉಂಟು ಮಗಾ?" ಯಾವ ಸರದಲ್ಲಿ ಸೇರಿದೆಯೋ ಯಾವ ಬಳೆಯಲ್ಲಿ ಸೇರಿದೆಯೋ ಹೇಳಲಿಕ್ಕೆ ಬರುವುದಿಲ್ಲ ಎಂದ.

ಆಮೇಲಿನ ವಾರ ಅಜ್ಜಿ ನನ್ನನ್ನು ಕರೆದುಕೊಂಡು ಲಾಯಿಲಕ್ಕೆ ಹೊರಟಳು. ಬೆಳ್ತಂಗಡಿಯ ಬಸ್ಸು ಹಿಡಿದೆವು. ಶೇಟ್ರ ಮಗಳು ಒಳ್ಳೆಯ ಹೆಂಗಸು, ನಮ್ಮನ್ನು ಕೂರಿಸಿ ಬೆಲ್ಲ ನೀರು ಕೊಟ್ಟು ಅಪ್ಪನ ಸಂಕಟ ಹೇಳಿದಳು. ಬಲಗೈ ಬಲಗಾಲು ಬಿದ್ದುಹೋಗಿದೆ. ಮಾತು ಪೂರಾ ಇಲ್ಲ. "ಮಾತು ಹೋದಂದಿನಿಂದ ಒಂದೇ ಸಮ, ಎಡಗೈ ಎತ್ತಿ ಕಿವಿ ಮುಟ್ಟಿ ಮುಟ್ಟಿ ತೋರಿಸುವುದು ಅಮ್ಮ. ತಮ್ಮ ಬಂದಾಗಲಂತೂ ಅವನ ಅಂಗಿ ಹಿಡಿದುಕೊಂಡು ಕಿವಿ ತೋರಿಸಿ ಅಳುವುದು. ಕಿವಿ ನೋವಾ ಅಂತ ಡಾಕ್ಟರಿಗೂ ತೋರಿಸಿದೆವು, ಬೆಳ್ಳುಳ್ಳಿ ಎಣ್ಣೆ ಬಿಸಿ ಮಾಡಿ ದಿನಾ ಬಿಡ್ತೇವೆ. ಕಮ್ಮಿಯೇ ಆಗುವುದಿಲ್ಲ." ನಾನು ಲೋಟ ಕೆಳಗಿಟ್ಟು ಅಜ್ಜಿಯ ಕಿವಿಯ ಕಡೆ ನೋಡಿದೆ. ಅಜ್ಜಿ ಎದ್ದು ನಿಂತು ತಲೆಯ ವಸ್ತ್ರವನ್ನು ಮುಂದಕ್ಕೆ ಎಳೆದು, ಎರಡೂ ಕಿವಿ ಒಂದಿಷ್ಟೂ ಕಾಣದ ಹಾಗೆ ಗಲ್ಲದ ಕೆಳಗೆ ಬಿಗಿಯಾಗಿ ಸಿಕ್ಕಿಸಿಕೊಂಡಳು. ಆಮೇಲೆ ಒಳಗೆ ಹೋದಳು.

ಶೇಟ್ರು ಮಂಚದಲ್ಲಿ ಒಂದು ಹಿಡಿಯಾಗಿ ಮಲಗಿದ್ದರು. ಅಜ್ಜಿಯನ್ನು ಕಂಡದ್ದೇ ಎಡಗೈ ಮೇಲೆ ಹೋಯಿತು, ಕಿವಿಯ ಅಂಚಿನುದ್ದಕ್ಕೂ ಬೆರಳು ಓಡಿತು, ಗಂಟಲಿನಿಂದ ಹಸುಗೂಸಿನ ಹಾಗೆ ಒಂದು ಸ್ವರ ಬಂತು. ಅಜ್ಜಿ ಮಂಚದ ಪಕ್ಕ ಕುಳಿತು, "ಸಿಕ್ಕಿತು ಶೇಟ್ರೇ. ಎಲ್ಲ ಸಿಕ್ಕಿತು. ನಿಮ್ಮ ಮಗ ಗಂಟು ಹಾಗೇ ತೆಗೆದುಕೊಟ್ಟ" ಎಂದಳು. ನನ್ನ ಅಜ್ಜಿ ಒಬ್ಬರ ಮುಖ ನೋಡಿಕೊಂಡು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಆ ಮುಖದಲ್ಲಿ ಒಂದು ಗಳಿಗೆ ಬೆಳಕು ಬಂದದ್ದು ನಿಜ. ಆದರೆ ಜೀವಮಾನವಿಡೀ ಒರೆಗೆ ಹಚ್ಚಿ ನೋಡಿದ ಮನುಷ್ಯ ಅಲ್ಲವೇ? ಆ ಎಡಗೈ ನಿಧಾನವಾಗಿ ಅಜ್ಜಿಯ ತಲೆವಸ್ತ್ರದ ಕಡೆಗೆ ಬಂತು, ಒಮ್ಮೆ ತೋರಿಸಿ ಎನ್ನುವ ಹಾಗೆ. ಅಜ್ಜಿ ವಸ್ತ್ರವನ್ನು ಇನ್ನಷ್ಟು ಬಿಗಿ ಹಿಡಿದಳು. "ಮನೆಯಲ್ಲಿ ಇಟ್ಟು ಬಂದಿದ್ದೇನೆ, ಬಸ್ಸಿನಲ್ಲಿ ಹಾಕಿಕೊಂಡು ಬರುವುದು ಹೇಗೆ, ಕನ್ಯಾನಕ್ಕೆ ಹೋಗುವಾಗ ಹಾಕ್ತೇನೆ" ಎಂದಳು. ಶೇಟ್ರು ಅವಳನ್ನು ನೋಡುತ್ತಲೇ ಇದ್ದರು. ನಾವು ಹೊರಡುವಾಗ ತಿರುಗಿ ನೋಡಿದೆ. ಕೈ ಮತ್ತೆ ಕಿವಿಯ ಮೇಲೆ ಇತ್ತು. ಮಳೆಗಾಲ ಶುರುವಾಗುವ ಮೊದಲೇ ಅವರು ತೀರಿಕೊಂಡ ಸುದ್ದಿ ಬಂತು.

ಅದಾದ ಮೇಲೆ ನಮ್ಮ ಮನೆಯಲ್ಲಿ ಯಾವುದೂ ಸರಿ ಹೋಗಲಿಲ್ಲ. ಹಮೀದಾಕನ ದುಡ್ಡಿಗೆ ಹೊಸ ಅಲಿಕತ್ತು ಮಾಡಿಸುವ ಎಂದು ಉಮ್ಮ ಮಂಗಳೂರಿನವರೆಗೂ ವಿಚಾರಿಸಿದಳು. ಅಂಥದ್ದನ್ನು ಕಟ್ಟುವ ಕೈಗಳು ಈಗ ಇಲ್ಲ ಎಂದರು, ಅಚ್ಚಿನಲ್ಲಿ ಬರುವ ರಿಂಗಿನ ತಂತಿ ಅಜ್ಜಿಯ ತೂತಿಗೆ ದಪ್ಪವಾಯಿತು. ಕೊನೆಗೆ ಅಜ್ಜಿಯೇ ಆ ದುಡ್ಡನ್ನು ನನ್ನ ಕಾಲೇಜಿಗೆ ಎಂದು ಕೊಟ್ಟಳು. ನಾನು ಕಲಿತ ಅಕ್ಷರವೆಲ್ಲ ಆ ಖಾಲಿ ಕಿವಿಗಳಿಂದ ಬಂದದ್ದು. ಯಾರಾದರೂ ನನ್ನನ್ನು ಟೀಚರ್ ಎಂದು ಕರೆದಾಗ ಒಮ್ಮೊಮ್ಮೆ ಕೈ ತಾನಾಗಿ ಕಿವಿಗೆ ಹೋಗುತ್ತದೆ. ಅಜ್ಜಿಗೆ ಒಂದು ಹೊಸ ಅಭ್ಯಾಸ ಹತ್ತಿಕೊಂಡಿತು. ಬಂಟ್ವಾಳದಲ್ಲಿ ಯಾರ ಮನೆಯ ಮದುವೆಯಾದರೂ, ಹಿಂದೂಗಳದ್ದಾಗಲಿ ನಮ್ಮದಾಗಲಿ, ಹೋಗಿ ಮದುಮಗಳ ಹತ್ತಿರ ಕುಳಿತುಕೊಂಡು ಅವಳ ಸರವನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಸವರುತ್ತಿದ್ದಳು. ಚಿನ್ನದ ಆಸೆ ಹೋಗಲಿಲ್ಲ ಮುದುಕಿಗೆ ಎಂದು ಜನ ನಕ್ಕರು. ನಾನು ನಾಚಿಕೆಯಿಂದ ಕೈ ಹಿಡಿದು ಎಳೆದರೆ, "ಇದರಲ್ಲಿಯೂ ಸ್ವಲ್ಪ ನನ್ನದು ಇರಬಹುದು, ಆಶೀರ್ವಾದ ಮಾಡಿ ಬಿಡುವ" ಎನ್ನುತ್ತಿದ್ದಳು. ಕನ್ಯಾನಕ್ಕೆ ಅವಳು ಮತ್ತೆ ಹೋಗಲೇ ಇಲ್ಲ. ಕಡ್ಡಿಗಳನ್ನು ಮಾತ್ರ ಬದಲಾಯಿಸುತ್ತಲೇ ಇದ್ದಳು. ಇನ್ನು ಯಾಕೆ ಅಜ್ಜಿ, ತೆಗೆದುಬಿಡು ಎಂದು ನಾನು ಒಮ್ಮೆ ಸಿಟ್ಟಿನಲ್ಲಿ ಹೇಳಿದೆ. ಅವಳು ಹಿಡಿಸೂಡಿಯಿಂದ ಇನ್ನೊಂದು ಕಡ್ಡಿ ಎಳೆದಳು.

ಅವಳು ಹೋದದ್ದು ಒಂದು ಆಟಿಯಲ್ಲಿಯೇ. ಮಣ್ಣು ಮಾಡುವ ಮುಂಚೆ ಅವಳ ಮಯ್ಯಿತ್ತನ್ನು ತೊಳೆಯಲು ನೆರೆಮನೆಯ ಇಬ್ಬರು ಹಿರಿಯ ಹೆಂಗಸರು ಬಂದರು. ಪರದೆಯ ಹಿಂದೆ ಉಮ್ಮ ಮತ್ತು ನಾನು ನೀರು ಎತ್ತಿ ಕೊಡುತ್ತಿದ್ದೆವು. ಮಣ್ಣಿಗೆ ಹೋಗುವ ದೇಹದ ಮೇಲೆ ಏನೂ ಇರಬಾರದು. ಉಂಗುರವಾಗಲಿ ಓಲೆಯಾಗಲಿ ಒಂದೊಂದಾಗಿ ಬಿಚ್ಚಿ, ಮನೆಯವರ ಕೈಗೆ ಒಪ್ಪಿಸಿ, ಆಮೇಲೆ ನೀರು ಹಾಕುವುದು. ತೊಳೆಯುವವಳು ತಲೆವಸ್ತ್ರ ಸರಿಸಿ, ಕಿವಿ ನೋಡಿ, "ಯಾ ಅಲ್ಲಾಹ್, ಇದೇನು, ಕಡ್ಡಿ" ಎಂದಳು. ಎಸೆದುಬಿಡಲು ಅವಳಿಗೆ ಮನಸ್ಸು ಬರಲಿಲ್ಲ. ಮುಪ್ಪಿನಲ್ಲಿ ತೆಳುವಾದ ಆ ಚರ್ಮ ಹರಿಯದ ಹಾಗೆ, ಬಲಗಿವಿಯಿಂದ ಮೊದಲು ಮಾಡಿ, ಒಂದೊಂದನ್ನೇ ತಿರುವಿ ತಿರುವಿ ಎಳೆದಳು. ಉಮ್ಮ ಕೈಯಲ್ಲಿದ್ದ ಚೆಂಬನ್ನು ಕೆಳಗಿಟ್ಟು, ಚಿನ್ನ ಇಸಕೊಳ್ಳುವ ಹಾಗೆ ಎರಡೂ ಅಂಗೈ ಜೋಡಿಸಿ ಚಾಚಿದಳು. ಕಡ್ಡಿಗಳು ಅದರಲ್ಲಿ ಬಿದ್ದವು, ಸದ್ದೇ ಆಗಲಿಲ್ಲ. ಕಿವಿಯ ತೂತುಗಳು ಮಾತ್ರ ಒಂದೂ ಮುಚ್ಚಿರಲಿಲ್ಲ.